ಎರಡು ದಿನದಲ್ಲಿ ಉಡುಪಿ ಮುಗಿಸುವವರಿಗೆ

‘ಉಡುಪಿ 2 ದಿನ’ ಅಂತ ಮೊಬೈಲಿನಲ್ಲಿ ಹುಡುಕಿ ನೋಡಿ. ನೂರು ಉತ್ತರ ಬರುತ್ತವೆ, ನೂರೂ ಒಂದೇ. ಮೊದಲ ದಿನ ಬೆಳಿಗ್ಗೆ ಕೃಷ್ಣ ಮಠ, ಆಮೇಲೆ ಮಲ್ಪೆ, ಅಲ್ಲಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪ, ಮಧ್ಯಾಹ್ನ ಮೀನೂಟ, ಸಂಜೆ ಕಾಪು ದೀಪಸ್ತಂಭದ ಹತ್ತಿರ ಸೂರ್ಯಾಸ್ತ, ರಾತ್ರಿ ಮಣಿಪಾಲ. ಎರಡನೇ ದಿನ ಕಾರ್ಕಳ: ಗೊಮ್ಮಟ, ಚತುರ್ಮುಖ ಬಸದಿ, ಅತ್ತೂರು ಚರ್ಚ್. ಟೈಮಿದ್ದರೆ ಆಗುಂಬೆ. ರಾತ್ರಿ ಸ್ಲೀಪರ್ ಬಸ್, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆಫೀಸಿನ ಮೀಟಿಂಗು.

ಇಂಥ ಪಟ್ಟಿಗಳನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಕಥೆ ಬಂದರೆ ವಿಮರ್ಶೆ ಉಂಟು, ಸಿನಿಮಾ ಬಂದರೆ ಉಂಟು, ಹೋಟೆಲಿನ ದೋಸೆಗೂ ನಕ್ಷತ್ರ ಕೊಡುವವರಿದ್ದಾರೆ. ಪ್ರವಾಸದ ಸಲಹೆ ಮಾತ್ರ ಯಾರ ಕಣ್ಣಿಗೂ ಬರಹ ಅನ್ನಿಸುವುದಿಲ್ಲ, ಅದು ‘ಮಾಹಿತಿ’. ಆದರೆ ನಮ್ಮ ಊರಿನ ಬಗ್ಗೆ ಹೊರಗಿನವರು ಓದುವುದು ಕಾರಂತರನ್ನಲ್ಲ ಮಾರಾಯ್ರೆ, ಈ ಪಟ್ಟಿಯನ್ನು. ಓದಿ ಸುಮ್ಮನಿರುವುದೂ ಇಲ್ಲ, ಅದರ ಪ್ರಕಾರ ನಡೆಯುತ್ತಾರೆ. ಕೆಟ್ಟ ಕಾದಂಬರಿ ಓದಿದರೆ ಒಂದು ಸಂಜೆ ಹಾಳು. ಕೆಟ್ಟ ಸಲಹೆ ಓದಿದರೆ ಜನ ಬಂಡೆಯ ಮೇಲಿಂದ ಸಮುದ್ರಕ್ಕೆ ಬೀಳುತ್ತಾರೆ. ಹಾಗಾಗಿ ಈ ಪ್ರಕಾರವನ್ನೂ ಸ್ವಲ್ಪ ಗಂಭೀರವಾಗಿ ಓದೋಣ ಅಂತ.

ಒಳ್ಳೆಯ ಸಲಹೆ ಹೇಗಿರುತ್ತದೆ? ದೂರದ ಉದಾಹರಣೆ ತಗೊಳ್ಳುವ, ಹತ್ತಿರದ್ದು ಕಣ್ಣಿಗೆ ಕಾಣುವುದಿಲ್ಲ. ದಕ್ಷಿಣ ಅಮೆರಿಕದ ರಾಜಧಾನಿಗಳಿಗೆ ಹೋಗುವವರಿಗೆ ಕೊಡುವ ಸಲಹೆಗಳನ್ನು ನೋಡಿ. ಈಕ್ವೆಡಾರಿನ ಕೀಟೊ ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ಬೊಲಿವಿಯಾದ ಲಾ ಪಾಸ್ ಇನ್ನೂ ಮೇಲೆ, ಸುಮಾರು 3,600 ಮೀಟರ್. ಅದರ ವಿಮಾನ ನಿಲ್ದಾಣ 4,000 ಮೀಟರಿಗಿಂತ ಎತ್ತರದಲ್ಲಿದೆ. ಆ ಊರುಗಳ ಬಗ್ಗೆ ಯಾರು ಸಲಹೆ ಬರೆದರೂ ಮೊದಲ ಸಾಲು ಒಂದೇ: ಮೊದಲ ದಿನ ಏನೂ ಮಾಡಬೇಡಿ. ನಿಧಾನ ನಡೆಯಿರಿ, ಕಡಿಮೆ ತಿನ್ನಿ, ನೀರು ಕುಡಿಯಿರಿ, ಮಲಗಿ. ಬೆಟ್ಟ, ಚರ್ಚು, ಮ್ಯೂಸಿಯಂ ಎಲ್ಲ ನಾಳೆಗೆ. ಯಾಕಂದರೆ ಅಲ್ಲಿ ಊರು ತನ್ನ ಷರತ್ತನ್ನು ಬಂದವನ ಎದೆಯೊಳಗೇ ಹಾಕುತ್ತದೆ. ಕೇಳದಿದ್ದರೆ ತಲೆನೋವು, ವಾಂತಿ, ಕೆಲವೊಮ್ಮೆ ಆಸ್ಪತ್ರೆ.

ಪೆರುವಿನ ಲಿಮಾಕ್ಕೆ ಬನ್ನಿ. ಅದು ನಮ್ಮ ಹಾಗೆ ಕಡಲ ತೀರದ ಊರು. ಅಲ್ಲಿನವರು ಹೇಳುವುದು, ಹಸಿ ಮೀನಿಗೆ ನಿಂಬೆರಸ ಹಿಂಡಿ ಮಾಡುವ ಸೆವಿಚೆಯನ್ನು ಮಧ್ಯಾಹ್ನ ತಿನ್ನಿ, ರಾತ್ರಿ ಬೇಡ ಅಂತ. ಮೀನು ಬೆಳಿಗ್ಗೆ ಬರುತ್ತದೆ, ಅದಕ್ಕೇ ಅಲ್ಲಿನ ಎಷ್ಟೋ ಸೆವಿಚೆ ಅಂಗಡಿಗಳು ಸಂಜೆಗೆ ಬಾಗಿಲು ಹಾಕುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಆಕಾಶಕ್ಕೆ ಬೂದು ಮಂಜಿನ ಮುಚ್ಚಳ, ಬಿಸಿಲಿನ ಆಸೆ ಇಟ್ಟುಕೊಳ್ಳಬೇಡಿ ಅಂತಲೂ ಮೊದಲೇ ಹೇಳಿಬಿಡುತ್ತಾರೆ. ಕೊಲಂಬಿಯಾದ ಬೊಗೊಟಾದಲ್ಲಿ ಒಂದು ಮಾತುಂಟು: ‘ಪಪ್ಪಾಯಿ ಕೊಡಬೇಡ’. ಅಂದರೆ ನಿನ್ನನ್ನು ದೋಚುವ ಅವಕಾಶವನ್ನು ನೀನೇ ಕೈಯಾರೆ ಕೊಡಬೇಡ, ಫೋನು ಆಡಿಸುತ್ತಾ ಬೀದಿಯಲ್ಲಿ ನಡೆಯಬೇಡ. ಪ್ರವಾಸಿಗರನ್ನು ಹೆದರಿಸಲಿಕ್ಕೆ ಯಾರೋ ಕಟ್ಟಿದ ಮಾತಲ್ಲ ಅದು. ಅಲ್ಲಿನ ತಾಯಿ ಮಗನಿಗೂ ಹೇಳುವ ಮಾತು.

ಮೂರರಲ್ಲೂ ಸಲಹೆ ಶುರುವಾಗುವುದು ಊರಿನಿಂದ. ಬರುವವನ ಆಸೆ ಆಮೇಲೆ. ದೇಹ ಏನು ತಡೆಯುತ್ತದೆ, ಋತು ಏನು ಕೊಡುತ್ತದೆ, ಅಲ್ಲಿನವರು ತಮ್ಮತಮ್ಮಲ್ಲಿ ಏನು ಹೇಳಿಕೊಳ್ಳುತ್ತಾರೆ, ಇಷ್ಟು. ನಮ್ಮ ಓದುಗರಿಗೆ ಪೆರು ತೀರ ಅಪರಿಚಿತವೂ ಅಲ್ಲ, ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಕನ್ನಡದಲ್ಲೇ ಉಂಟು. ಅಷ್ಟು ದೂರದ ಊರಿಗೆ ಹೋಗುವಾಗ ನಾವು ಓದಿಕೊಂಡು ಹೋಗುತ್ತೇವೆ. 400 ಕಿಲೋಮೀಟರ್ ದೂರದ ಉಡುಪಿಗೆ ಮಾತ್ರ ಎಂಟು ಫೋಟೋ ಸಾಕು ಅನ್ನಿಸುತ್ತದೆ.

ಈಗ ಈ ಅಳತೆಗೋಲನ್ನು ನಮ್ಮ ಪಟ್ಟಿಗಳಿಗೆ ಇಟ್ಟು ನೋಡಿ.

ಕೀಟೊಗೆ ಎತ್ತರ ಹೇಗೋ ನಮಗೆ ಮಳೆ ಹಾಗೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳಲ್ಲಿ ಸೈಂಟ್ ಮೇರೀಸ್‌ಗೆ ದೋಣಿ ಇಲ್ಲ. ಮಲ್ಪೆಯಲ್ಲಿ ನೀರಿಗೆ ಇಳಿಯಲಿಕ್ಕೆ ಬಿಡುವುದಿಲ್ಲ. ಆಗುಂಬೆಯ ಸೂರ್ಯಾಸ್ತ ಮೋಡದ ಒಳಗೆ ಆಗುತ್ತದೆ, ನಿಮಗೆ ಕಾಣುವುದಿಲ್ಲ. 14 ತಿರುವುಗಳ ಆ ಘಾಟಿಯಲ್ಲಿ ಯಾವ ದಿನ ಗುಡ್ಡ ಜಾರುತ್ತದೆ ಅಂತ ಘಾಟಿಯ ಕೆಳಗಿನವರಿಗೂ ಗೊತ್ತಿರುವುದಿಲ್ಲ. ಇಷ್ಟೆಲ್ಲ ಇದ್ದೂ ಪಟ್ಟಿಯ ಕೊನೆಗೆ ‘ಭೇಟಿಗೆ ಒಳ್ಳೆಯ ಸಮಯ: ವರ್ಷಪೂರ್ತಿ’ ಅಂತ ಬರೆದಿರುತ್ತಾರೆ. ವರ್ಷಪೂರ್ತಿ ಚೆನ್ನಾಗಿರುವ ಊರು ಹೋಟೆಲ್ ಬುಕ್ಕಿಂಗ್ ಮಾಡಿಸುವವನ ಕಣ್ಣಿಗೆ ಮಾತ್ರ ಕಾಣುತ್ತದೆ.

ಹಾಗಂತ ಮಳೆಗಾಲದಲ್ಲಿ ಬರಲೇಬೇಡಿ ಅಂತಲ್ಲ. ಬರುವುದಾದರೆ ಮಳೆಗೇ ಬನ್ನಿ. ಜುಲೈಯಲ್ಲಿ ಕಾರ್ಕಳದ ಗದ್ದೆಗಳ ಹಸಿರು, ಹೆಬ್ರಿ ದಾರಿಯ ವರಂಗದಲ್ಲಿ ಕೆರೆಯ ನಡುವೆ ನಿಂತ ಬಸದಿ, ಹಂಚಿನ ಮಾಡಿನ ಮೇಲೆ ಹನಿ ಬೀಳುವ ಸದ್ದು ಕೇಳುತ್ತಾ ಒಂದು ಮಧ್ಯಾಹ್ನ ಏನೂ ಮಾಡದೆ ಕೂರುವುದು. ಇವು ಡಿಸೆಂಬರಿನಲ್ಲಿ ಸಿಗುವುದಿಲ್ಲ. ಪಟ್ಟಿ ಮಾಡುವವನಿಗೆ ‘ಏನೂ ಮಾಡದೆ ಕೂರುವುದು’ ಎಂಬುದಕ್ಕೆ ಹಾಕಲು ಫೋಟೋ ಇಲ್ಲ, ಅಷ್ಟೆ.

ಮಳೆಗೂ ಸಮುದ್ರಕ್ಕೂ ಮೀನಿಗೂ ಒಂದೇ ಪಂಚಾಂಗ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ ಅದು. ಆಗ ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ, ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ. ಆ ಎರಡು ತಿಂಗಳಲ್ಲಿ ನಿಮ್ಮ ತಟ್ಟೆಗೆ ಬಂದ ಅಂಜಲ್ ತವಾ ಫ್ರೈ ಬೇರೆ ರಾಜ್ಯದ್ದೋ ಐಸಿನದ್ದೋ ಆಗಿರುವ ಸಂಭವವೇ ಹೆಚ್ಚು. ‘ಮಲ್ಪೆಯ ತಾಜಾ ಮೀನು’ ಅಂತ ಜೂನ್ ತಿಂಗಳಲ್ಲಿ ಬರೆಯುವವನು ಮಲ್ಪೆಯನ್ನೂ ನೋಡಿಲ್ಲ, ಮೀನನ್ನೂ ನೋಡಿಲ್ಲ. ಒಳ್ಳೆಯ ಸಲಹೆ ಅಂದರೆ: ಆಗಸ್ಟ್ ಕಳೆಯಲಿ, ಬಂಗುಡೆ ಬೂತಾಯಿ ಬರಲಿ, ಆಮೇಲೆ ಬನ್ನಿ. ಅಂಜಲನ್ನೇ ಕೇಳಬೇಡಿ, ಇವತ್ತು ಎಂತ ಉಂಟು ಅಂತ ಕೇಳಿ.

ಸಮುದ್ರದ ವಿಷಯದಲ್ಲಿ ಮಾತ್ರ ನನಗೆ ತಮಾಷೆ ಬರುವುದಿಲ್ಲ. ಸೈಂಟ್ ಮೇರೀಸ್‌ನ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ನೋಡಲೇಬೇಕಾದ್ದು, ಒಪ್ಪುವ. ಆದರೆ ಅದರ ಬಂಡೆ ಪಾಚಿ ಕಟ್ಟಿ ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದ ಕಾಲೇಜು ಹುಡುಗರು ಇದೇ ದ್ವೀಪದಲ್ಲಿ ನೀರುಪಾಲಾದರು. ಏಪ್ರಿಲ್ ಅಂದರೆ ಮಳೆಗಾಲವೂ ಅಲ್ಲ, ಕಡಲು ಶಾಂತವಾಗಿ ಕಾಣುವ ಕಾಲ. ಅದಾದ ಮೇಲೂ ಪಟ್ಟಿಗಳಲ್ಲಿ ಆ ಬಂಡೆಯ ತುದಿ ‘ಬೆಸ್ಟ್ ಫೋಟೋ ಸ್ಪಾಟ್’. ಬೊಗೊಟಾದ ತಾಯಿ ಹೇಳುವ ಹಾಗೆ ನಮ್ಮಲ್ಲಿಯೂ ಮೊಗವೀರ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ, ಕಡಲಿಗೆ ಬೆನ್ನು ಹಾಕಿ ನಿಲ್ಲಬೇಡ ಅಂತ. ಸೆಲ್ಫಿ ತೆಗೆಯಬೇಕಾದರೆ ಕಡಲಿಗೆ ಬೆನ್ನು ಹಾಕಲೇಬೇಕು. ಇಷ್ಟು ಸರಳ ವಿಷಯ ಒಂದು ಪಟ್ಟಿಯಲ್ಲೂ ಇಲ್ಲ.

ಎರಡನೆಯದು ಗಡಿಯಾರದ ಸುಳ್ಳು. ನಕ್ಷೆ ನೋಡಿ ಬರೆಯುವವರಿಗೆ ಎಲ್ಲವೂ ಹತ್ತಿರ. ಉಡುಪಿಯಿಂದ ಮಣಿಪಾಲ 5 ಕಿ.ಮೀ., ಮಲ್ಪೆ 6, ಕಾಪು 13, ಕಾರ್ಕಳ 38. ಕೂಡಿಸಿದರೆ ಒಂದು ಬೆಳಗಿನ ಕೆಲಸ ಅಂತ ಕಾಣುತ್ತದೆ. ಆದರೆ ರೈಲು ನಿಮ್ಮನ್ನು ಇಳಿಸುವುದು ಇಂದ್ರಾಳಿಯಲ್ಲಿ, ಮಠದ ಹತ್ತಿರ ಅಲ್ಲ. ವಿಮಾನ ಇಳಿಸುವುದು ಮಂಗಳೂರಿನ ಬಜಪೆಯಲ್ಲಿ, ಅಲ್ಲಿಂದ ಉಡುಪಿಗೆ ಒಂದೂವರೆ ಗಂಟೆಯಾದರೂ ಬೇಕು. ಸೈಂಟ್ ಮೇರೀಸ್‌ನ ದೋಣಿ ಜನ ತುಂಬಿದ ಮೇಲೆ ಹೊರಡುತ್ತದೆ. ಕಾಪುವಿನ ದೀಪಸ್ತಂಭ, 1901ರದ್ದು, ಮೇಲೆ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಮಣಿಪಾಲದ ಹಸ್ತಶಿಲ್ಪದ ಹೆರಿಟೇಜ್ ವಿಲೇಜಿಗೆ ಬೇಕಾದಾಗ ನುಗ್ಗಿ ಬೇಕಾದಾಗ ಹೊರಡುವ ಹಾಗಿಲ್ಲ, ಮೊದಲೇ ವಿಚಾರಿಸಿ ಹೋಗಬೇಕು. ಪಟ್ಟಿಯ ಲೆಕ್ಕದಲ್ಲಿ ಇದ್ಯಾವುದೂ ಇಲ್ಲ.

ಇಲ್ಲಿ ಬಸ್ಸಿನ ಬಗ್ಗೆ ಒಂದು ಮಾತು. ಎಲ್ಲ ಪಟ್ಟಿಯೂ ‘ಕ್ಯಾಬ್ ಬುಕ್ ಮಾಡಿ’ ಅನ್ನುತ್ತದೆ. ಈ ಜಿಲ್ಲೆ ನಡೆಯುವುದು ಖಾಸಗಿ ಬಸ್ಸಿನ ಮೇಲೆ. ಉಡುಪಿಯಲ್ಲಿ ಸಿಟಿ ಬಸ್ ಸ್ಟ್ಯಾಂಡ್ ಬೇರೆ, ಸರ್ವಿಸ್ ಬಸ್ ಸ್ಟ್ಯಾಂಡ್ ಬೇರೆ. ಮಣಿಪಾಲ, ಮಲ್ಪೆಗೆ ಸಿಟಿ ಬಸ್ಸು. ಕಾರ್ಕಳ, ಮಂಗಳೂರಿಗೆ ಸರ್ವಿಸ್, ಎಕ್ಸ್‌ಪ್ರೆಸ್. ಕಾಪುವಿಗೆ ಮಂಗಳೂರಿನ ಬಸ್ಸು ಹತ್ತಿದರಾಯಿತು, ಹತ್ತುವ ಮುಂಚೆ ಕಾಪುವಿನಲ್ಲಿ ನಿಲ್ಲುತ್ತದಾ ಅಂತ ಕೇಳಿಕೊಳ್ಳಿ. ಕಾರ್ಕಳಕ್ಕೆ ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು ದಾರಿಯ ಬಸ್ಸು. ಕಿಟಕಿ ಪಕ್ಕ ಕೂತರೆ ಕರಾವಳಿ ಹೇಗೆ ಮೆಲ್ಲ ಮೇಲೇರಿ ಗುಡ್ಡ ಆಗುತ್ತದೆ ಅಂತ ಕಾಣುತ್ತದೆ. ರಾತ್ರಿ ಬಸ್ಸು ಕಡಿಮೆ. ಕೊನೆಯ ಬಸ್ಸು ಎಷ್ಟಕ್ಕೆ ಅಂತ ಇಳಿಯುವಾಗಲೇ ಕಂಡಕ್ಟರರ ಹತ್ತಿರ ಕೇಳಿಕೊಳ್ಳಿ. ಅವರು ಗಡಿಬಿಡಿಯಲ್ಲಿ ಸಿಟ್ಟಿನವರ ಹಾಗೆ ಕಂಡರೂ ಉತ್ತರ ಸರಿಯಾಗಿ ಕೊಡುತ್ತಾರೆ.

ಗಡಿಯಾರದ ಸುಳ್ಳಿಗೆ ಹೆಚ್ಚು ಬಲಿಯಾದ ಊರು ಕಾರ್ಕಳ. ‘42 ಅಡಿ ಏಕಶಿಲಾ ಮೂರ್ತಿ, 1432ರಲ್ಲಿ ವೀರಪಾಂಡ್ಯ ಅರಸ ನಿಲ್ಲಿಸಿದ್ದು, 20 ನಿಮಿಷ ಸಾಕು.’ ಅಡಿಯೂ ಸರಿ, ಇಸವಿಯೂ ಸರಿ, ನಿಮಿಷ ಮಾತ್ರ ತಪ್ಪು. ಶ್ರವಣಬೆಳಗೊಳದ ಗೊಮ್ಮಟ ಬೆಟ್ಟದ ಮೇಲೆ ಇದ್ದಲ್ಲೇ ಕೆತ್ತಿದ್ದು. ಕಾರ್ಕಳದ್ದು ಬೇರೆ ಕಡೆ ಕೆತ್ತಿ ಗುಡ್ಡದ ಮೇಲೆ ಎಳೆದು ತಂದದ್ದು. ಆ ಕಥೆಯನ್ನು ಚಂದ್ರಮ ಎಂಬ ಕವಿ ‘ಕಾರ್ಕಳ ಗೊಮ್ಮಟೇಶ್ವರ ಚರಿತೆ’ಯಲ್ಲಿ ಹೇಳಿದ್ದಾನೆ. ಮೆಟ್ಟಿಲು ಹತ್ತುವಾಗ ಇಷ್ಟು ಗೊತ್ತಿದ್ದರೆ ಸಾಕು, ಕಾಲಿಗೆ ನೋವಾದಾಗಲೆಲ್ಲ ಈ ಕಲ್ಲನ್ನು ಎಳೆದವರ ನೆನಪು ತಾನಾಗಿ ಬರುತ್ತದೆ. ಆ ಕಸುಬು ಇಲ್ಲಿ 15ನೇ ಶತಮಾನಕ್ಕೇ ಮುಗಿಯಲಿಲ್ಲ. ಧರ್ಮಸ್ಥಳದಲ್ಲಿ ಈಗ ನಿಂತಿರುವ ಬಾಹುಬಲಿಯನ್ನು ಕೆತ್ತಿದ್ದೂ ಕಾರ್ಕಳದಲ್ಲೇ, ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರ ಕೈಯಲ್ಲಿ. ಈ ಊರಿನ ಪರಿಚಯಕ್ಕೆ ಇದಕ್ಕಿಂತ ದೊಡ್ಡ ವಿಷಯ ಬೇಕಾ? ಪಟ್ಟಿಯಲ್ಲಿ ಇಲ್ಲ.

ಗೊಮ್ಮಟನ ಎದುರಿನ ಸಣ್ಣ ಗುಡ್ಡದ ಮೇಲೆ ಚತುರ್ಮುಖ ಬಸದಿ, 1586ರ ಕಟ್ಟಡ. ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು, ಪೂರ್ತಿ ಕಲ್ಲು, 108 ಕಂಬ. ಬೆಂಗಳೂರಿಂದ ಬಂದವರು ಒಂದು ಬಾಗಿಲಲ್ಲಿ ಹೋಗಿ ಅದೇ ಬಾಗಿಲಲ್ಲಿ ಹೊರಗೆ ಬರುತ್ತಾರೆ. ನಾಲ್ಕೂ ಕಡೆ ಒಂದು ಸುತ್ತು ಹಾಕಿ. ಗಾಳಿ ಯಾವ ಬಾಗಿಲಿಂದ ಬಂದು ಯಾವ ಕಡೆ ಹೋಗುತ್ತದೆ ನೋಡಿ. ಆಮೇಲೆ ಹೊರಗೆ ಕಟ್ಟೆಯ ಮೇಲೆ ಕೂತು ಎದುರಿನ ಗೊಮ್ಮಟನನ್ನು ನೋಡಿ. ಬಸದಿ ಕಟ್ಟಿದವನು ಯಾಕೆ ಈ ಜಾಗವನ್ನೇ ಹುಡುಕಿದ ಅಂತ ಆಗ ತಿಳಿಯುತ್ತದೆ. ಊರೊಳಗೆ ಪಡುತಿರುಪತಿ ಎಂದು ಕರೆಯುವ ವೆಂಕಟರಮಣ ದೇವಸ್ಥಾನ, ಹೊರಗೆ ಅತ್ತೂರಿನ ಸಂತ ಲಾರೆನ್ಸರ ಚರ್ಚು. ಜನವರಿಯ ಅತ್ತೂರು ಜಾತ್ರೆಗೆ ಎಲ್ಲ ಜಾತಿ ಮತದವರೂ ಮೊಂಬತ್ತಿ ಹಿಡಿದುಕೊಂಡು ಹೋಗುತ್ತಾರೆ. 2016ರಲ್ಲಿ ಬಸಿಲಿಕ ಆಗುವ ಎಷ್ಟೋ ಮೊದಲಿಂದ ಹಾಗೇ. ಕಾರ್ಕಳಕ್ಕೆ ಒಂದು ಪೂರ್ತಿ ದಿನ ಕೊಡಿ. ಕೊಡಲಿಕ್ಕೆ ಆಗದಿದ್ದರೆ ಇನ್ನೊಂದು ಸಲ ಬನ್ನಿ, ಊರು ಎಲ್ಲಿಗೂ ಹೋಗುವುದಿಲ್ಲ.

ಮೂರನೆಯದು ನನ್ನ ಮುಖ್ಯ ತಕರಾರು. ಈ ಪಟ್ಟಿಗಳು ಯಾರ ಮನೆಗೆ ಹೋಗುತ್ತಿದ್ದೀರಿ ಅಂತ ಹೇಳುವುದಿಲ್ಲ.

2022ರಲ್ಲಿ ‘ಕಾಂತಾರ’ ಬಂದ ಮೇಲೆ ಪಟ್ಟಿಗೆ ಒಂದು ಹೊಸ ಸಾಲು ಸೇರಿತು: ‘ಭೂತಕೋಲ ನೋಡಿ’. ಯಾವಾಗ, ಎಲ್ಲಿ? ಉತ್ತರ ಇಲ್ಲ. ಜುಲೈಯಲ್ಲಿ ಬಂದು ‘ಇವತ್ತು ರಾತ್ರಿ ಎಲ್ಲಿ ಕೋಲ ಉಂಟು’ ಅಂತ ಲಾಡ್ಜಿನವರನ್ನು ಕೇಳುವವರಿದ್ದಾರೆ. ತುಳುವರ ಪಂಚಾಂಗದಲ್ಲಿ ಮೇ ಕೊನೆಗೆ ಪತ್ತನಾಜೆ ಬರುತ್ತದೆ. ಅಲ್ಲಿಗೆ ಕೋಲ, ಕಂಬಳ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ನಿಲ್ಲುತ್ತದೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿಯ ಆಸುಪಾಸಿನಲ್ಲಿ. ದೈವಕ್ಕೂ ಮೇಳಕ್ಕೂ ರಜೆ ಇರುವ ಆರು ತಿಂಗಳನ್ನು ಗುರುತಿಸದ ಪ್ರವಾಸ ಸಲಹೆ, ಎತ್ತರ ಹೇಳದ ಲಾ ಪಾಸ್ ಸಲಹೆಯ ಹಾಗೆ.

ತಿಂಗಳು ಸರಿಯಾದರೂ ಕಷ್ಟ ಮುಗಿಯುವುದಿಲ್ಲ. ಕೋಲ ಅಂದರೆ ಶೋ ಅಲ್ಲ. ಅದು ಒಂದು ಮನೆಯ, ಒಂದು ಗರಡಿಯ, ಒಂದು ಊರಿನ ಮಾತುಕತೆ. ಆಸ್ತಿಯ ಜಗಳ, ಮಗಳ ಮದುವೆ, ತೀರಿಹೋದವರ ಲೆಕ್ಕ ಎಲ್ಲ ಅಲ್ಲಿ ದೈವದ ಮುಂದೆ ಬರುತ್ತದೆ. ಕಟ್ಟುವವರು ಹೆಚ್ಚಾಗಿ ನಲಿಕೆ, ಪಂಬದ, ಪರವ ಸಮುದಾಯದವರು. ರಾತ್ರಿ ದೈವವಾಗಿ ಗುತ್ತಿನ ಯಜಮಾನನಿಗೆ ಬುದ್ಧಿ ಹೇಳುವವರಿಗೆ ಬೆಳಿಗ್ಗೆ ಅದೇ ಚಾವಡಿಯಲ್ಲಿ ಎಲ್ಲಿ ಕೂರಿಸುತ್ತಾರೆ ಎಂಬುದು ಈ ನಾಡಿನ ಬಹಳ ಹಳೆಯ, ಇನ್ನೂ ತೀರದ ಪ್ರಶ್ನೆ. ಪಟ್ಟಿ ಅದನ್ನು ‘ಬೆಂಕಿಯ ಜೊತೆ ರೋಮಾಂಚಕ ಡ್ಯಾನ್ಸ್’ ಅನ್ನುತ್ತದೆ. ಸಿನಿಮಾ ನೋಡಿ ಥಿಯೇಟರಿನಲ್ಲಿ ದೈವದ ಹಾಗೆ ಕೂಗಿದವರ ಮೇಲೆ ಊರಿನವರು ಸಿಟ್ಟಾದದ್ದು ಮಡಿವಂತಿಕೆಯಿಂದ ಮಾತ್ರ ಅಲ್ಲ. ನಿಮ್ಮ ಮನೆಯ ತಿಥಿಯಲ್ಲಿ ಗುರುತಿಲ್ಲದವರು ಬಂದು ರೀಲ್ಸ್ ಮಾಡಿದರೆ ಹೇಗಿರುತ್ತದೆ ಯೋಚನೆ ಮಾಡಿ. ಹೋಗಬೇಕಾ? ಗುರುತಿನವರ ಜೊತೆ ಹೋಗಿ. ಕೇಳದೆ ಫೋಟೋ ತೆಗೆಯಬೇಡಿ, ಫ್ಲ್ಯಾಶ್ ಬೇಡವೇ ಬೇಡ. ಇಡೀ ರಾತ್ರಿ ಕೂರುವ ಮನಸ್ಸಿದ್ದರೆ ಮಾತ್ರ ಹೋಗಿ. ಗುರುತಿನವರು ಯಾರೂ ಇಲ್ಲವಾ, ಯಕ್ಷಗಾನಕ್ಕೆ ಹೋಗಿ. ಮಂದಾರ್ತಿಯಂಥ ಕ್ಷೇತ್ರಗಳ ಹರಕೆ ಆಟ ಬಯಲಿನಲ್ಲಿ ನಡೆಯುತ್ತದೆ, ಟಿಕೆಟ್ಟಿಲ್ಲ, ಬಂದವರೆಲ್ಲ ಪ್ರೇಕ್ಷಕರೇ. ಅರ್ಥ ಆಗದಿದ್ದರೆ ಪಕ್ಕದಲ್ಲಿ ಕೂತ ಅಜ್ಜಿಯ ಹತ್ತಿರ ಕೇಳಿ, ಪೂರ್ತಿ ಪ್ರಸಂಗ ಹೇಳುತ್ತಾರೆ.

ಕೃಷ್ಣ ಮಠದ ವಿಷಯದಲ್ಲೂ ಇದೇ ಮೌನ. ಕನಕನ ಕಿಂಡಿಯ ಕಥೆ ಎಲ್ಲ ಪಟ್ಟಿಯಲ್ಲೂ ಇದೆ: ಭಕ್ತ ಹೊರಗೆ ನಿಂತ, ದೇವರು ತಿರುಗಿದ. ಹೊರಗೆ ಯಾಕೆ ನಿಂತ ಎಂಬ ಪ್ರಶ್ನೆ ಕೇಳಿದರೆ ಫೋಟೋದ ಅಂದ ಕೆಡುತ್ತದೆ ಅಂತ ಬಿಡುತ್ತಾರೆ. ‘ಮಠದ ಉಚಿತ ಊಟ ಮಿಸ್ ಮಾಡಬೇಡಿ’ ಅಂತಲೂ ಬರೆಯುತ್ತಾರೆ. ಊಟ ನಿಜಕ್ಕೂ ಚೆನ್ನಾಗಿರುತ್ತದೆ, ಸಾವಿರಾರು ಜನರಿಗೆ ದಿನವೂ ಬಡಿಸುವುದು ಸಣ್ಣ ವಿಷಯವೂ ಅಲ್ಲ. ಆದರೆ ಇದೇ ಊರಿನಲ್ಲಿ ಪಂಕ್ತಿಭೇದದ ವಿರುದ್ಧ ಪ್ರತಿಭಟನೆಗಳು ನಡೆದಿವೆ ಎಂಬುದೂ ಆ ಊಟದ ಕಥೆಯೇ. 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಹೊರಟ ‘ಚಲೋ ಉಡುಪಿ’ ಜಾಥಾ ಇಲ್ಲಿಗೆ ಬಂದು ಮುಗಿಯಿತು. ಯಾರು ಏನು ತಿನ್ನಬೇಕು, ಯಾರಿಗೆ ಭೂಮಿ ಸಿಗಬೇಕು ಅಂತ ಕೇಳಿದ ಜಾಥಾ ಅದು. ನೋಡಲು ಬರುವವರು ಇದನ್ನೆಲ್ಲ ಬಗೆಹರಿಸಬೇಕಾಗಿಲ್ಲ. ತಿಳಿದಿದ್ದರೆ ಸಾಕು. ದರ್ಶನಕ್ಕೆ ಹೋಗುವ ಗಂಡಸರು ಅಂಗಿ ಬಿಚ್ಚಬೇಕು ಅಂತ ಹೇಳುವ ಪಟ್ಟಿ ಇಷ್ಟನ್ನೂ ಹೇಳಬಹುದಿತ್ತು.

ಕಾಪುವೂ ಹಾಗೇ. ಪಟ್ಟಿಗೆ ಕಾಪು ಅಂದರೆ ದೀಪಸ್ತಂಭ, ಬಂಡೆ, ಸೂರ್ಯ. ಊರಿನವರಿಗೆ ಕಾಪು ಅಂದರೆ ಮಾರಿಗುಡಿಗಳು ಮತ್ತು ವರ್ಷದ ಮಾರಿಪೂಜೆಗಳು. ಕಡಲಿನವರು, ಗದ್ದೆಯವರು, ಪೇಟೆಯವರು ಎಲ್ಲ ಸೇರುವ ಜಾತ್ರೆ. 2022ರ ಮಾರ್ಚ್‌ನಲ್ಲಿ ಸುಗ್ಗಿ ಮಾರಿಪೂಜೆಯ ಅಂಗಡಿ ಹರಾಜಿನಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲ ಅಂದದ್ದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಜಾತ್ರೆಯಲ್ಲಿ ಬಳೆ, ಆಟಿಕೆ, ಹಣ್ಣು ಮಾರಿ ವರ್ಷದ ಸ್ವಲ್ಪ ಖರ್ಚು ತೂಗಿಸುತ್ತಿದ್ದ ಮನೆಗಳಿಗೆ ಅದು ಸುದ್ದಿಯಲ್ಲ, ಸಂಪಾದನೆ. ಸೂರ್ಯಾಸ್ತ ನೋಡಿ ಹೊರಟುಹೋಗುವವರಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ನೀವು ಚುರುಮುರಿ ತಗೊಳ್ಳುವುದು ಯಾರ ಗಾಡಿಯಿಂದ ಅಂತ ಒಂದು ಸಲ ನೋಡಿದರೆ, ಈ ಊರು ನಿಮ್ಮ ಹಿನ್ನೆಲೆಯ ಚಿತ್ರ ಅಲ್ಲ ಅಂತ ಅನ್ನಿಸುತ್ತದೆ. ಅದಕ್ಕೆ.

ಪಟ್ಟಿಗಳ ವಿರುದ್ಧ ಇನ್ನೊಂದು ಗುಂಪು ಹುಟ್ಟಿಕೊಂಡಿದೆ, ‘ಯಾರಿಗೂ ಗೊತ್ತಿಲ್ಲದ ಉಡುಪಿ’ ತೋರಿಸುವವರದ್ದು. ನನಗೆ ಇವರ ಮೇಲೆ ಇನ್ನೂ ಹೆಚ್ಚು ಅನುಮಾನ. ಮಟ್ಟು, ಪಡುಕೆರೆ, ಕೋಡಿ ಬೆಂಗ್ರೆ ಇವರಿಗೆ ‘ಗುಪ್ತ ಬೀಚು’. ಯಾರಿಂದ ಗುಪ್ತ? ಅಲ್ಲಿ ಬಲೆ ಹೆಣೆಯುವವರಿಗೆ ಗೊತ್ತು, ಶಾಲೆಗೆ ಹೋಗುವ ಮಕ್ಕಳಿಗೆ ಗೊತ್ತು. ಇಂಥ ಬರಹದಲ್ಲಿ ಊರಿನವರು ಲೆಕ್ಕಕ್ಕೇ ಇಲ್ಲ, ಬೆಂಗಳೂರಿನವರು ನೋಡಿದ ಮೇಲೆ ಮಾತ್ರ ಜಾಗ ಹುಟ್ಟುತ್ತದೆ. ಮಟ್ಟು ಗ್ರಾಮದ ಹೆಸರು ಬರಬೇಕಾದ್ದು ಗುಳ್ಳಕ್ಕೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳ, ಹಸಿರು ಗೆರೆಯ ದುಂಡು ಬದನೆ, ಉಡುಪಿಯ ಸಾಂಬಾರಿನ ಜೀವ. ವಾದಿರಾಜರು ಬೀಜ ಕೊಟ್ಟರು ಅಂತ ಕಥೆ, ಈಗ ಬೆಳೆಯುವ ರೈತರಿಗೆ ಉಪ್ಪುನೀರು ನುಗ್ಗುವ ಭಯ. ಹತ್ತಿರದ ಶಂಕರಪುರದ ಮಲ್ಲಿಗೆ ಕೆ.ಜಿ. ಲೆಕ್ಕದಲ್ಲಿ ಹೋಗುವುದಿಲ್ಲ, ಚೆಂಡು, ಅಟ್ಟೆ ಲೆಕ್ಕ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೆ ಬದಲು, ಮದುವೆಯ ಸೀಸನ್ನಿನಲ್ಲಿ ಏರಿ ಮಳೆಗೆ ಇಳಿಯುತ್ತದೆ. ಒಂದು ಚೆಂಡು ತಗೊಂಡು ಬಸ್ಸಿನಲ್ಲಿ ಇಟ್ಟುಕೊಳ್ಳಿ. ಘಾಟಿ ಹತ್ತುವ ತನಕ ಪರಿಮಳ ಇರುತ್ತದೆ.

ಪಟ್ಟಿ ಮಾಡುವವರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯ. ನಿಮಗೆ ಇರುವುದೇ ಎರಡು ದಿನ. ರಜೆ ಕೇಳಿದರೆ ಮ್ಯಾನೇಜರು ಮುಖ ಸಿಂಡರಿಸುತ್ತಾರೆ, ಜೊತೆಗೆ ಬರುವ ಅಪ್ಪ ಅಮ್ಮನಿಗೆ ಮೊಣಕಾಲು ನೋವು, ಮಗುವಿಗೆ ಬೀಚೇ ಬೇಕು. ‘ನಿಧಾನ ಪ್ರವಾಸ ಮಾಡಿ’ ಅಂತ ಉಪದೇಶ ಮಾಡುವುದು ಸುಲಭ. ಒಂದು ತಿಂಗಳು ರಜೆ ಇರುವವರು ಮಾತ್ರ ಹಾಗೆ ಬರೆಯುತ್ತಾರೆ. ಕಡಿಮೆ ಸಮಯ ಇರುವವರಿಗೇ ಸರಿಯಾದ ಸಲಹೆ ಹೆಚ್ಚು ಬೇಕಾದ್ದು. ಹಾಗಾಗಿ ನನ್ನದೂ ಒಂದು ಪಟ್ಟಿ, ಸಣ್ಣದು.

ಎರಡು ದಿನ ಇದ್ದರೆ ಒಂದು ದಿನ ಕಡಲು, ಒಂದು ದಿನ ಗುಡ್ಡ. ಎರಡನ್ನೂ ಒಂದೇ ದಿನಕ್ಕೆ ತುಂಬಬೇಡಿ. ಕಡಲಿನ ದಿನ ಬೆಳಿಗ್ಗೆ ಬೇಗ ಮಲ್ಪೆ ಬಂದರಿಗೆ ಹೋಗಿ, ಬೀಚಿಗಲ್ಲ. ಮೀನು ಇಳಿಸುವುದು, ಏಲಂ ಕೂಗುವುದು, ಬುಟ್ಟಿ ಹೊತ್ತ ಹೆಂಗಸರ ಚೌಕಾಸಿ ನೋಡಿ. ದಾರಿಗೆ ಅಡ್ಡ ನಿಲ್ಲಬೇಡಿ, ಅದು ಅವರ ಆಫೀಸು. ಮಧ್ಯಾಹ್ನದ ಬಿಸಿಲಿಗೆ ಉಡುಪಿಯೊಳಗೆ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯ ನಾಣ್ಯ ಸಂಗ್ರಹಾಲಯ ನೋಡಬಹುದು. 1906ರಲ್ಲಿ ಅವರು ಮುಂದೆ ನಿಂತು ಕಟ್ಟಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು. 2020ರಲ್ಲಿ ಅದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಸಂಜೆ ಕಾಪು, ಬಂಡೆಯಿಂದ ದೂರ ಕೂತು. ಗುಡ್ಡದ ದಿನ ಕಾರ್ಕಳ ಮಾತ್ರ. ಗೊಮ್ಮಟ ಬೆಳಿಗ್ಗೆ, ಕಲ್ಲು ಕಾಯುವ ಮುಂಚೆ. ಕಾಲಿಗೆ ಚಪ್ಪಲಿ ಇರುವುದಿಲ್ಲ, ಹನ್ನೊಂದು ಗಂಟೆಯ ಮೇಲೆ ಸುಡುತ್ತದೆ. ಮೊಣಕಾಲು ನೋವಿನವರು ಊರೊಳಗಿನ ದೇವಸ್ಥಾನ, ಅತ್ತೂರು ನೋಡಲಿ. ಮಣಿಪಾಲಕ್ಕೆ ಮೂರನೇ ದಿನ ಇದ್ದರೆ ಹಸ್ತ ಶಿಲ್ಪ. ಹರ್ಕೂರಿನ, ಮಿಯಾರಿನ ಹಳೆಯ ಮನೆಗಳನ್ನು ಬಿಚ್ಚಿ ತಂದು ವಿಜಯನಾಥ ಶೆಣೈಯವರು ಮತ್ತೆ ಕಟ್ಟಿಸಿದ್ದು. ಇಲ್ಲದಿದ್ದರೆ ಬಿಡಿ.

ಇನ್ನು ಯಾರ ಪಟ್ಟಿ ಕೈಗೆ ಬಂದರೂ, ನನ್ನದೂ ಸೇರಿ, ಮೂರು ಪ್ರಶ್ನೆ ಕೇಳಿ ನೋಡಿ. ಯಾವಾಗ ಬರಬಾರದು ಅಂತ ಇದು ಹೇಳುತ್ತದಾ? ಏನು ಮಾಡಬಾರದು, ಯಾಕೆ ಅಂತ ಹೇಳುತ್ತದಾ? ಇದರಲ್ಲಿ ಊರಿನವರು ಕೆಲಸ ಮಾಡುತ್ತಾ ಕಾಣುತ್ತಾರಾ, ಇಲ್ಲ ಬರೀ ಬಡಿಸುತ್ತಾ, ಕುಣಿಯುತ್ತಾ ಕಾಣುತ್ತಾರಾ? ಮೂರಕ್ಕೂ ಉತ್ತರ ಇದ್ದರೆ ನಂಬಿ ಹೊರಡಿ. ಜೂನ್ ತಿಂಗಳಲ್ಲೇ ಬರುವುದು ಅಂತಾದರೆ ಕೊಡೆ ಮಾತ್ರ ಇಲ್ಲಿಯದ್ದೇ ತಗೊಳ್ಳಿ. ಬೆಂಗಳೂರಿನಿಂದ ತಂದ ಮಡಚುವ ಕೊಡೆ ನಮ್ಮ ಗಾಳಿಗೆ ಎರಡು ದಿನವೂ ಬಾಳುವುದಿಲ್ಲ.